ಗೇಟಿನ ಹೊರಗೆ ನಿಂತವನು

2009ರ ಜುಲೈ 6, ಸೋಮವಾರ ಬೆಳಿಗ್ಗೆ 7.40ಕ್ಕೆ ಬ್ರಿಟಿಷ್ ಆಳ್ವಿಕೆಯ ಐರಿಷ್ ಊರು ಡ್ರಮ್‌ಗಾರ್ವ್‌ನ ಠಾಣೆಗೆ ಫಾದರ್ ಹೆಗಾರ್ಟಿಯವರ ಫೋನ್ ಬಂತು. ಚರ್ಚಿನ ಹಿಂದಿನ ಕಿಟಕಿ ಒಡೆದು ಯಾರೋ ಒಳಗೆ ನುಗ್ಗಿದ್ದಾರೆ ಎಂಬುದು ದೂರು. ಇನ್ಸ್‌ಪೆಕ್ಟರ್ ಡಿಂಪ್ನಾ ಮೆಗರ್ಕ್ ಎಫ್‌ಐಆರ್ ದಾಖಲಿಸಿ, ಎಂದಿನಂತೆ ಕಾರಿನಡಿ ಬಗ್ಗಿ ಬಾಂಬಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಾನ್‌ಸ್ಟೇಬಲ್ ನೆವಿನ್ ಬೋಲ್‌ ಜೊತೆ ಹೊರಟಳು. ಅವಳು ಕ್ಯಾಥೊಲಿಕ್, ಅವನು ಪ್ರಾಟೆಸ್ಟೆಂಟ್. ಪೊಲೀಸಾದ ಕ್ಯಾಥೊಲಿಕರನ್ನು ಅವರ ಜನವೇ ದ್ರೋಹಿ ಎನ್ನುವ ಊರು; ಮಗಳು ಬ್ಯಾಂಕಿನಲ್ಲಿದ್ದಾಳೆ ಎಂದೇ ಅವಳ ತಾಯಿ ಇವತ್ತಿಗೂ ನೆರೆಯವರಿಗೆ ಹೇಳುತ್ತಾಳೆ.

8.30ಕ್ಕೆ ಪಂಚನಾಮೆ ಶುರುವಾಯಿತು. ಚೌಕಟ್ಟಿನ ಮೇಲೆ ರಕ್ತದ ಕಲೆ. ಬೆಳ್ಳಿಯ ಪಾತ್ರೆಗಳು ಇದ್ದಲ್ಲೇ ಇದ್ದವು. ಒಡೆದ ಗಾಜನ್ನು ಪೊರಕೆಯಿಂದ ಗುಡಿಸಿ ಮೂಲೆಗೆ ಒಟ್ಟಿದ್ದರು.

"ಗುಡಿಸಿ ಹೋಗೋ ಕಳ್ಳನ್ನ ಇವತ್ತೇ ನೋಡಿದ್ದು," ಎಂದ ನೆವಿನ್. "ನಮ್ಮನೆಗೂ ಒಂದ್ಸಲ ಬಂದು ಹೋಗ್ಲಿ."

ಕಂಬದ ಪಕ್ಕದ ಬೆಂಚಿನ ಮೇಲಿದ್ದ ಹಳೆಯ ದಿಂಬೊಂದನ್ನು ಯಾರೋ ಜೋಪಾನವಾಗಿ ಪಕ್ಕಕ್ಕೆ ಸರಿಸಿ ಕುಳಿತು ಹೋದ ಗುರುತು ಧೂಳಿನಲ್ಲಿತ್ತು.

"ಇದು ಯಾರ ಜಾಗ, ಫಾದರ್?"

"ಮ್ಯಾಲಕಿ ಟೋನರ್‌ದು. ಮೂರು ವಾರ ಆಯ್ತು ಹೋಗಿ. ಅಲ್ಲಿ ಕೂರೋಕೆ ಇನ್ನೂ ಯಾರಿಗೂ ಮನಸ್ಸು ಬಂದಿಲ್ಲ."

ಪೊಲೀಸರ ಪಂಚನಾಮೆ ಮುಗಿಯಲೆಂದು ಊರು ಕಾಯುತ್ತದೆಯೇ? ಮಧ್ಯಾಹ್ನದ ಹೊತ್ತಿಗೆ ಚರ್ಚಿನ ಸೇಡಿಗೆಂದು ಪ್ರಾಟೆಸ್ಟೆಂಟರ ಆರೆಂಜ್ ಸಂಘದ ಕಟ್ಟಡಕ್ಕೆ ಯಾರೋ ಐರಿಷ್ ಹಸಿರು ಬಣ್ಣ ಎರಚಿದ್ದರು. ಸಂಜೆಗೆ ಬ್ರಿಟಿಷ್ ಬಾವುಟ ಹಿಡಿದ ಪ್ರಾಟೆಸ್ಟೆಂಟರು ಒಂದು ಮೂಲೆಯಲ್ಲಿ, ಐರಿಷ್ ಬಾವುಟ ಹಿಡಿದ ಕ್ಯಾಥೊಲಿಕರು ಇನ್ನೊಂದು ಮೂಲೆಯಲ್ಲಿ ಗುಂಪು ಕಟ್ಟಿ ನಿಂತಿದ್ದರು. ಆರೆಂಜ್ ಸಂಘದ ವಾರ್ಷಿಕ ಮೆರವಣಿಗೆಗೆ ಏಳೇ ದಿನ. ಅಷ್ಟರಲ್ಲಿ ಆರೋಪಿ ಸಿಗದಿದ್ದರೆ ಯಾರದೋ ಮನೆಗೆ ಬೆಂಕಿ ಬೀಳುತ್ತದೆ ಎಂಬುದು ಡಿಂಪ್ನಾಳಿಗೆ ಗೊತ್ತಿತ್ತು.

ಮಂಗಳವಾರ 10.30ಕ್ಕೆ ಮ್ಯಾಲಕಿಯ ಹೆಂಡತಿ ಫಿಲೊಮಿನಾಳ ವಿಚಾರಣೆ. ಆಕೆ ಮೊದಲು ಟೀ, ಸೋಡಾ ಬ್ರೆಡ್ ಇಟ್ಟಳು.

"ಮಣ್ಣಿಗೆ ಯಾರು ಬರ್ಲಿಲ್ಲ, ಅಮ್ಮಾ?"

"ಎಲ್ಲಾ ಬಂದ್ರು. ಪಕ್ಕದ ಹೊಲದ ವೆಸ್ಲಿನೂ ಬಂದಿದ್ದ. ಒಳಗೆ ಬರ್ಲಿಲ್ಲ ಅಷ್ಟೆ. ಟೋಪಿ ಕೈಲಿ ಹಿಡ್ಕೊಂಡು ಪೂಜೆ ಮುಗಿಯೋವರ್ಗೂ ಗೇಟಾಚೆ ನಿಂತಿದ್ದ."

"ಬೇಜಾರಾಯ್ತಾ?"

"ಯಾಕಾಗ್ಬೇಕು? ಆರೆಂಜ್ ಸಂಘದೋರು ನಮ್ಮ ಪೂಜೆಗೆ ಕಾಲಿಡೋ ಹಾಗಿಲ್ಲ. ವೆಸ್ಲಿಯಪ್ಪ ಸತ್ತಾಗ ನಮ್ಮ ಮ್ಯಾಲಕಿನೂ ಅವರ ಚರ್ಚಿನ ಗೇಟಲ್ಲೇ ನಿಂತಿದ್ದ. ಆಗ ನಮ್ಮ ಪಾದ್ರಿನೂ ಬಿಡ್ತಿರ್ಲಿಲ್ಲ."

ಅಲ್ಲಿಂದ ಡಿಂಪ್ನಾ, ನೆವಿನ್ ಇಬ್ಬರೂ ಬೇಲಿ ದಾಟಿ ವೆಸ್ಲಿ ಗಿಲ್‌ಫಿಲನ್‌ನ ಅಡುಗೆಮನೆಗೆ ಹೋದರು. ಎಪ್ಪತ್ತಾರರ ಮುದುಕ. ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದ. ಡಿಂಪ್ನಾ ಆ ಕೈಯನ್ನೇ ನೋಡಿದಳು.

"ಗಾಜನ್ನ ನಾನು ಗುಡಿಸಿಯೇ ಬಂದಿದ್ನಲ್ಲ," ಎಂದ ವೆಸ್ಲಿ. "ಯಾರ ಕಾಲಿಗಾದ್ರೂ ಚುಚ್ಚಿತಾ?"

ನೆವಿನ್ ಬಾಯಿ ತೆರೆದ. ಮುದುಕ ಅವನತ್ತ ಕೈ ಆಡಿಸಿದ. "ನೀನು ಆಚೆ ಹೋಗಪ್ಪ. ನಿಮ್ಮಪ್ಪನ ಹೊಟ್ಟೇಲೂ ಮಾತು ನಿಲ್ತಿರ್ಲಿಲ್ಲ."

ನೆವಿನ್ ಹೊರಗೆ ಹೋದ ಮೇಲೆ ವೆಸ್ಲಿ ಕುಳಿತುಕೊಂಡ.

"ಎಂಬತ್ಮೂರರಲ್ಲಿ ನಾನು ಬ್ರಿಟಿಷ್ ಸೇನೇಲಿ ಅರೆಕಾಲಿಕ ಸೈನಿಕ. ನಿಮ್ಮ ಕಡೆಯ ಬಂದೂಕಿನೋರಿಗೆ ನಮ್ಮಂಥೋರೇ ಗುರಿ. ದಿನಾ ಬೆಳಿಗ್ಗೆ ಸೇತುವೆ ಮೇಲೆ ಡೈರಿಗೆ ಹೋಗ್ತಿದ್ದೆ. ಒಂದಿನ ಮ್ಯಾಲಕಿ ಓಡಿ ಬಂದು, ಸೇತುವೆ ಹತ್ರ ನನ್ನ ಹಸು ಅಡ್ಡ ಬಿದ್ದಿದೆ, ಸುತ್ಕೊಂಡು ಹೋಗು ಅಂದ. ಅವನ ಹಸುಗಳೆಲ್ಲಾ ಕೊಟ್ಟಿಗೇಲೇ ಇದ್ವು. ಎಣಿಸಿ ನೋಡಿದ್ದೆ. ಎರಡು ದಿನ ಆದ್ಮೇಲೆ ಸೇನೆಯೋರು ಸೇತುವೆ ಕೆಳಗಿಂದ ಬಾಂಬ್ ತೆಗೆದ್ರು."

"ಅವನಿಗೆ ಏನಂದೆ?"

"ಏನನ್ನಲಿ? ಉಪಕಾರ ಅಂದಿದ್ರೆ, ಅದು ಯಾರ ಕಿವಿಗಾದ್ರೂ ಬಿದ್ದಿದ್ರೆ, ಮಾರನೇ ದಿನ ಅವನ ಹೆಣ ರಸ್ತೇಲಿ ಬಿದ್ದಿರ್ತಿತ್ತು. ಚಾಡಿಕೋರ ಅಂತ ಅವನ ಜನಾನೇ ಮುಗಿಸ್ತಿದ್ರು. ಇಪ್ಪತ್ತಾರು ವರ್ಷ ಹುಲ್ಲು, ಮಳೆ, ಕುರಿ ಅಂತ ಮಾತಾಡಿದ್ವಿ. ಆ ಮಾತೊಂದು ಬಿಟ್ಟು." ಅವನು ಕೈಯ ಬಟ್ಟೆಯನ್ನು ಬಿಗಿ ಮಾಡಿಕೊಂಡ. "ಪ್ರಾಣ ಉಳಿಸ್ದೋನ ಮಣ್ಣಲ್ಲಿ ಇಪ್ಪತ್ತು ಹೆಜ್ಜೆ ಒಳಗೆ ಇಡ್ಲಿಲ್ಲ ನಾನು. ಅದಕ್ಕೇ ಮೊನ್ನೆ ರಾತ್ರಿ ಹೋದೆ. ಅವನ ಜಾಗದಲ್ಲಿ ಕೂತೆ. ಹೇಳಿ ಬಂದೆ."

"ಹಗಲಲ್ಲಿ ಬಾಗಿಲು ತೆರೆದೇ ಇರುತ್ತಲ್ಲ?"

"ಆರೆಂಜ್‌ನೋನು ಟೋನರ್ ಜಾಗದಲ್ಲಿ ಕೂತು ಅತ್ರೆ, ಊರು ಯಾಕೆ ಅಂತ ಕೇಳಲ್ವಾ? ಅವನ ಮಕ್ಕಳು, ಮೊಮ್ಮಕ್ಕಳು ಇಲ್ಲೇ ಬಾಳ್ಬೇಕು. ಇಲ್ಲಿ ಚಾಡಿಕೋರ ಅನ್ನೋ ಹೆಸರು ಮಣ್ಣಾದ್ರೂ ಹೋಗಲ್ಲ."

ಡಿಂಪ್ನಾ ನೋಟ್‌ಬುಕ್ ತೆರೆದಳು. ಕೇಳಲೇಬೇಕಿತ್ತು. "ಕಾರಣ ಏನಂತ ಬರೀಲಿ ತಾತ?"

"ದ್ವೇಷ ಅಂತ ಬರ್ಕೊಳಮ್ಮ. ಈ ಊರಲ್ಲಿ ಅದನ್ನ ಮಾತ್ರ ಯಾರೂ ಯಾಕೆ ಅಂತ ಕೇಳಲ್ಲ."

1.05ಕ್ಕೆ ಬಂಧನವಾಯಿತು. ಠಾಣೆಯಲ್ಲಿ ಧ್ವನಿಮುದ್ರಣ ಚಾಲೂ ಇದ್ದಾಗ ವೆಸ್ಲಿ ಗಟ್ಟಿ ದನಿಯಲ್ಲಿ, "ನನಗೆ ಆ ಜನ ಕಂಡ್ರೆ ಆಗಲ್ಲ," ಎಂದ. ಬೇರೆ ಕಾರಣವಿದೆಯೇ ಎಂದು ಡಿಂಪ್ನಾ ಮೂರು ಸಲ ಕೇಳಿದಳು. ಮೂರು ಸಲವೂ ಇಲ್ಲ ಎಂದ. ಅಡುಗೆಮನೆಯಲ್ಲಿ ಕೇಳಿದ್ದನ್ನು ಸೇರಿಸುವುದು ಅವಳ ಕರ್ತವ್ಯವಾಗಿತ್ತು. ಅವಳು ಸೇರಿಸಲಿಲ್ಲ. ಪ್ರೇರಣೆ ಎಂಬ ಅಂಕಣದಲ್ಲಿ ಮತದ್ವೇಷ ಎಂದು ಬರೆದು ಸಹಿ ಹಾಕಿದಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವಳು ಬರೆದ ಮೊದಲ ಸುಳ್ಳು ಅದು.

ಸಂಜೆ 6ಕ್ಕೆ ಫಿಲೊಮಿನಾಳ ಮನೆಗೆ ಹೋಗಿ ವರದಿಯಲ್ಲಿ ಬರೆದಷ್ಟನ್ನೇ ತಿಳಿಸಿದಳು. ಮುದುಕಿ ಬೇಲಿಯಾಚೆ ನೋಡಿದಳು.

"ನಲವತ್ತು ವರ್ಷ ನನ್ನ ಕೈಯಾರೆ ಟೀ ಕೊಟ್ಟಿದ್ದೀನಿ ಅವನಿಗೆ," ಎಂದಳು. "ಇದನ್ನ ನೋಡೋ ಮುಂಚೆನೇ ಮ್ಯಾಲಕಿ ಹೋಗಿದ್ದು ಒಳ್ಳೇದಾಯ್ತು. ಅಲ್ವಾಮ್ಮ?"

"ಹೌದಮ್ಮಾ," ಎಂದಳು ಡಿಂಪ್ನಾ.