ಮೂವತ್ತಾರು ತಿಂಗಳು

ಫೆಬ್ರುವರಿ 28, ಶುಕ್ರವಾರ ಬೆಳಿಗ್ಗೆ 9.40ಕ್ಕೆ ಟೆಕ್ಸಸ್‌ನ ಕಿಲೀನ್ ಪೊಲೀಸ್ ಠಾಣೆಗೆ ಕಾಲೇಜಿನ ಗುಮಾಸ್ತೆಯೊಬ್ಬಳು ದೂರು ಹಿಡಿದು ಬಂದಳು.

"ಸತ್ತ ಹುಡುಗ ನಮ್ಮಲ್ಲಿ ಓದ್ತಿದಾನೆ ಸಾರ್. ಒಳ್ಳೇ ಮಾರ್ಕ್ಸ್ ಬೇರೆ! ಸನ್ಮಾನಕ್ಕೆ ಕರೆಯೋಣ ಅಂತ ಹುಡುಕಿದ್ರೆ ಸಮಾಧಿ ಸಿಕ್ತು."

ಡಿಟೆಕ್ಟಿವ್ ಓಡೆಲ್ ಪ್ರೇದರ್ ದೂರು ದಾಖಲಿಸಿಕೊಂಡ. ಕೋರಿ ಹ್ಯಾಸ್ಕೆಟ್ ಎರಡು ವರ್ಷದ ಹಿಂದೆ, ಇಪ್ಪತ್ತೆರಡರ ವಯಸ್ಸಿನಲ್ಲಿ ಕಾಲೇಜು ಸೇರಿದ ವಾರದಲ್ಲೇ ಹೆದ್ದಾರಿ ಅಪಘಾತದಲ್ಲಿ ತೀರಿಕೊಂಡಿದ್ದ. ಆದರೂ ತಂದೆಯ ಸೈನಿಕ ಸೇವೆಗೆ ಸಿಕ್ಕ, ಮಕ್ಕಳಿಗೆ ಹಂಚಬಹುದಾದ ಮೂವತ್ತಾರು ತಿಂಗಳ ಶಿಕ್ಷಣ ಸೌಲಭ್ಯ ಅವನ ಹೆಸರಿನಲ್ಲಿ ನಡೆದೇ ಇತ್ತು. ಎಲ್ಲ ಆನ್‌ಲೈನ್ ಪಾಠ, ಮುಖ ನೋಡಿದವರಿಲ್ಲ. ಇನ್ನೂ ಓದುತ್ತಿದ್ದೀರಾ ಎಂದು ಪ್ರತಿ ತಿಂಗಳ ಕೊನೆಗೆ ಸರ್ಕಾರ ಕೋರಿಯ ಮೊಬೈಲಿಗೆ ಸಂದೇಶ ಕಳಿಸಿ ಕೇಳುತ್ತಿತ್ತು. ಯಾರೋ ತಪ್ಪದೆ 'ಹೌದು' ಎನ್ನುತ್ತಿದ್ದರು.

11.15ಕ್ಕೆ ಪ್ರೇದರ್ ಮತ್ತು ಪೇದೆ ರೆನಾಟಾ ಹ್ಯಾಸ್ಕೆಟ್ ಮನೆ ತಲುಪಿದರು. ನಿವೃತ್ತ ಸಾರ್ಜೆಂಟ್ ವೆಂಡೆಲ್ ಬಾಗಿಲು ತೆರೆದರು. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಫೋನು ಚಾರ್ಜಿಗಿತ್ತು. ಹತ್ತೊಂಬತ್ತರ ಮಗಳು ಟೆಸ್ ಮೂಳೆಗಳ ಚಿತ್ರವಿದ್ದ ಪುಸ್ತಕವನ್ನು ಥಟ್ಟನೆ ಮುಚ್ಚಿದಳು.

"ಫೋನ್ ಯಾರದು?" ಪ್ರೇದರ್ ಕೇಳಿದ.

"ಮಗಂದು. ಉತ್ತರ ಕೊಡೋನು ನಾನು. ಇವಳನ್ನ ಎಳೀಬೇಡಿ."

"ಓದಿದ್ದು ನಾನಲ್ವಾ ಅಪ್ಪ?"

"ಬಾಯ್ಮುಚ್ಚು, ಟೆಸ್."

"ಸೌಲಭ್ಯ ಇವಳಿಗೇ ಬರೀಬಹುದಿತ್ತಲ್ಲ, ಸಾರ್ಜೆಂಟ್?" ಎಂದ ಪ್ರೇದರ್.

"ಸಮವಸ್ತ್ರ ಬಿಚ್ಚೋಕೆ ಮುಂಚೆ ಇವಳ ಹೆಸರಿಗೆ ಒಂದು ತಿಂಗಳಾದ್ರೂ ಬರೆದಿದ್ರೆ, ಉಳಿದಿದ್ದನ್ನ ಈಗ ಇವಳಿಗೆ ತಿರುಗಿಸ್ಬೋದಿತ್ತು. ಮೂವತ್ತಾರೂ ಕೋರಿಗೆ ಹಾಕ್ದೆ, ಇವಳಿಗೆ ಸೊನ್ನೆ. ಆರು ವರ್ಷದ ಮಗು ಕಣಯ್ಯಾ, ಮುಂದೆ ನೋಡ್ಕೊಂಡ್ರಾಯ್ತು ಅಂದ್ಕೊಂಡೆ. ನಿವೃತ್ತಿ ಆದ್ಮೇಲೆ ಹೊಸ ಹೆಸರು ಸೇರಿಸೋ ಹಾಗಿಲ್ಲ ಅಂತ ಬಾಗ್ಲು ಹಾಕ್ಬಿಟ್ರು."

ಪ್ರೇದರನೂ ಸೈನ್ಯದಲ್ಲಿದ್ದವನೇ. ಅದೇ ಅರ್ಜಿ ತುಂಬುವಾಗ, ಎಲ್ಲ ಮಕ್ಕಳಿಗೂ ಒಂದೊಂದು ತಿಂಗಳಾದರೂ ಹಾಕಯ್ಯಾ ಎಂದು ಯಾರೋ ಪುಣ್ಯಾತ್ಮ ಅವನ ಕಿವಿಯಲ್ಲಿ ಹೇಳಿದ್ದ. ವೆಂಡೆಲ್‌ಗೆ ಹೇಳುವವರಿರಲಿಲ್ಲ.

12.30ಕ್ಕೆ ಮಹಜರು ಬರೆದು ಫೋನನ್ನು ಪಾರದರ್ಶಕ ಚೀಲಕ್ಕೆ ಹಾಕಿ ಮೊಹರು ಮಾಡಿದರು. ವೆಂಡೆಲ್ ತಾವಾಗಿಯೇ ಬೇಡಿಗೆ ಕೈ ಚಾಚಿದರು.

"ನಾನು ಪಾಸಾಗಿರೋ ಪರೀಕ್ಷೆಗಳು?" ಟೆಸ್ ಕೇಳಿದಳು. "ಅದೆಲ್ಲ ಏನಾಗುತ್ತೆ?"

"ಅವು ಅಣ್ಣನ ಹೆಸರಲ್ಲಿದಾವಮ್ಮ," ಎಂದಳು ರೆನಾಟಾ.

ಸಂಜೆ 4.10. ಠಾಣೆಯಲ್ಲಿ ವೆಂಡೆಲ್ ಎದುರು ಕೂತು ಪ್ರೇದರ್ ಬಂಧನದ ವರದಿಯಲ್ಲಿ 'ಉದ್ದೇಶ: ಮಗಳ ಓದು' ಎಂದು ಬರೆಯುತ್ತಿದ್ದಾಗ ಚೀಲದೊಳಗಿನ ಫೋನು ಸದ್ದು ಮಾಡಿತು. ಕೋರಿ, ಈ ತಿಂಗಳೂ ಓದಿದ್ದೀರಾ? ಹೌದು ಅಥವಾ ಇಲ್ಲ ಎಂದು ಉತ್ತರಿಸಿ.

ವೆಂಡೆಲ್ ಅವರ ಬೇಡಿ ಹಾಕಿದ ಕೈ ಅಭ್ಯಾಸಬಲದಿಂದ ಮೇಲೆದ್ದು ಮತ್ತೆ ಮೇಜಿನ ಮೇಲೆ ಕೂತಿತು.

"ಇಲ್ಲ ಅಂತ ನೀವೇ ಒತ್ಬಿಡಿ," ಎಂದರು ವೆಂಡೆಲ್. "ಎರಡು ವರ್ಷದಿಂದ ನನ್ನ ಕೈಲಿ ಆಗಿಲ್ಲ."