ಉಕ್ಕದ ಹಾಲು

ಎರಡು ಸಾವಿರದ ಆರರ ಅಕ್ಟೋಬರ್. ಪರದೇಶದ ಸುಂಡ್‌ಬೀಬರ್ಯ್ ಊರಿನ ನಮ್ಮ ಬಾಡಿಗೆ ಕಟ್ಟಡದ ಅಂಗಳದಲ್ಲಿ ಉದುರಿದ ಎಲೆ ಗೋರುತ್ತಿದ್ದರು. ಮಾಲೀಕರು ವರ್ಷಕ್ಕೊಮ್ಮೆ ಕಳಿಸುವ ಗ್ಯಾಸ್ ತಪಾಸಣೆಯವನು, ಟೋರ್ಬ್ಯೋರ್ನ್, ಬಾಗಿಲು ಬಾಗಿಲು ತಟ್ಟುತ್ತ ಮೇಲೇರುತ್ತಿದ್ದ. ಅವನಿಗಾಗಿಯೇ ರಜೆ ಹಾಕಿ ಕಾದಿದ್ದೆ. ಹೆಂಡತಿ ಸಿಂಧೂರ ತುಂಬು ಗರ್ಭಿಣಿ, ನಮ್ಮ ಒಲೆಯೋ ಸರಿಯಿರಲಿಲ್ಲ.

ಬೇಸಿಗೆಯಲ್ಲಿ ಒಕ್ಕಲು ಬಂದ ದಿನ ಹಾಲುಕ್ಕಿಸಲು ಹೋದರೆ, ಹಾಲು ಅಂಚಿಗೆ ಬರುತ್ತಲೇ ಉರಿ ತಾನಾಗಿ ತಗ್ಗಿತ್ತು. ಎಷ್ಟು ಸಲ ಇಟ್ಟರೂ ಅಷ್ಟೇ.

“ಮನೆ ಒಪ್ಪಲಿಲ್ಲ ಕಣ್ರೀ,” ಅಂದಿದ್ದಳು.

“ಬರ್ನರ್ ಒಪ್ಪಿಲ್ಲ, ಬಿಡು,” ಅಂತ ನಕ್ಕಿದ್ದೆ.

ಟೋರ್ಬ್ಯೋರ್ನ್ ನಮ್ಮ ಬಾಗಿಲು ದಾಟಿ ಹೋದ. ಕೂಗಿ ಕರೆದೆ.

“ನಿಮ್ಮ ಮನೆಗೆ ಗ್ಯಾಸ್ ಇಲ್ಲವಲ್ಲ,” ಅಂದ.

“ಬನ್ನಿ, ತೋರಿಸ್ತೀನಿ.”

ಒಲೆಯ ಮೇಲೆ ಹಾಲಿತ್ತು, ಕೆಳಗೆ ನೀಲಿ ಉರಿ. ಅವನು ಒಲೆಯನ್ನು ಗೋಡೆಯಿಂದ ಈಚೆಗೆಳೆದ. ಹಿಂದಿನ ಪೈಪನ್ನು ಎಂದೋ ಕತ್ತರಿಸಿ, ಬಾಯಿಗೆ ಮುಚ್ಚಳ ಬಿಗಿದು, ಮೇಲೆ ಬಣ್ಣವನ್ನೂ ಬಳಿದಿದ್ದರು. ಉರಿ ಆರಲಿಲ್ಲ. ಅವನು ಅದಕ್ಕೆ ಕೈಯೊಡ್ಡಿ ಹಾಗೇ ಹಿಡಿದ.

“ತಣ್ಣಗಿದೆ,” ಅಂದ.

ನಾನೂ ಹಿಡಿದು ನೋಡಿದೆ. ಬಾವಿನೀರಿನ ತಣ್ಪು. ಮೇಲೆ ಹಾಲು ಕುದಿಯುತ್ತಲೇ ಇತ್ತು.

ಮರುದಿನ ಒಲೆಯನ್ನು ಒಯ್ದರು. ನಾವೂ ಬೇರೆ ಮನೆ ಹಿಡಿದೆವು. ಹೊರಡುವಾಗ ಸಿಂಧೂರ, “ಈ ಮನೆಗೆ ಹಾಲು ಬಾಕಿ ಇದೆ. ಆ ಋಣ ಮಗು ತಲೆ ಮೇಲೆ ಬೇಡ,” ಅಂತ, ಒಲೆಯಿದ್ದ ಜಾಗದ ಬರಿನೆಲದ ಮೇಲೆ ಹಾಲಿನ ಪಾತ್ರೆಯಿಟ್ಟು ಕೈಮುಗಿದಳು.

ಬೀಗ ಹಾಕುತ್ತಿದ್ದೆ. ಒಳಗಿನಿಂದ ಹಾಲು ಉಕ್ಕಿ ಸೀದ ವಾಸನೆ ಬಂತು. ಎಮ್ಮೆ ಕಟ್ಟಿದ ಮನೆಯಲ್ಲಿ ಬೆಳೆದವನು ನಾನು, ಆ ವಾಸನೆಯನ್ನು ಬೇರೆಯದೆಂದು ತಿಳಿಯುವವನಲ್ಲ.