ನೆತ್ತರತಾಯಿಯರ ಮನೆ

ಹಿಂದೆ, ಬಲು ಹಿಂದೆ, ಹವಳಗಿರಿ ಎಂಬ ರಾಜ್ಯವಿತ್ತು. ಅಲ್ಲಿಯ ರಾಜಕುಮಾರಿ ಚಂದಲೆ ದಿನದಿನಕ್ಕೂ ಬಿಳಿಚಿಕೊಳ್ಳುತ್ತಿದ್ದಳು. ಮುಟ್ಟಿದಲ್ಲೆಲ್ಲ ಮೈ ನೀಲಿಗಟ್ಟುತ್ತಿತ್ತು. ಅವಳನ್ನು ಎತ್ತಿ ಆಡಿಸಿ ಬೆಳೆಸಿದ ದಾದಿ ಬಾಚಲೆ ಕಾಡಿಗೆ ಹೋಗಿ ಮಂತ್ರಬಲ್ಲ ಮುದುಕಿಯೊಬ್ಬಳ ಕಾಲಿಗೆ ಬಿದ್ದಳು.

"ಅವಳ ಮೂಳೆಯೊಳಗೆ ಉರಿಗಣ್ಣನೆಂಬ ಮಾಯಾವಿ ಸೇರಿದ್ದಾನೆ ಮಗಳೇ. ಅವನನ್ನು ಅಡಗಿಸಲು ಅವಳ ಮೈಯೊಳಗೆ ಹೋಗುತ್ತೀಯಾ?" ಎಂದಳು ಮುದುಕಿ.

"ಹೋಗುತ್ತೇನೆ ಅಜ್ಜಿ."

ಅರಮನೆಗೆ ಮರಳಿ, ಮುದುಕಿ ಕೊಟ್ಟ ಕಾಳು ನುಂಗಿದ್ದೇ ಬಾಚಲೆ ಸಾಸಿವೆಗಿಂತ ಸಣ್ಣವಳಾದಳು. ರಾಜಕುಮಾರಿಯ ಉಸಿರಿನೊಂದಿಗೆ ಒಳಹೊಕ್ಕು, ಮೈಯೊಳಗಿನ ಕೆಂಪು ಹೊಳೆಯನ್ನು ಈಜಿದಳು. ಮೂಳೆಯ ಬಾಗಿಲಲ್ಲಿ ಬೆಂಕಿ ಉಗುಳುವ ತೋಳ ಅಡ್ಡ ನಿಂತಿತು. ಅದನ್ನು ಜೋಗುಳ ಹಾಡಿ ಮಲಗಿಸಿದಳು.

ಒಳಗಿತ್ತು ನೆತ್ತರತಾಯಿಯರ ಮನೆ. ರಕ್ತದ ಕಣಕಣವನ್ನೂ ಹೆರುವವರು ಅವರೇ. ಎಲ್ಲರೂ ಬಳಲಿ ಬಿದ್ದಿದ್ದರು.

"ಹಿಂದೆ ರಾಜಕುಮಾರಿಯ ಕಾಲಿಗೆ ಗಾಯವಾಗಿ ಹಗೆಗಳು ನುಗ್ಗಿದ್ದವು ಅಕ್ಕಾ," ಎಂದಳು ಹಿರಿಯ ತಾಯಿ. "ಆಗ ಯುದ್ಧಕ್ಕೆಂದು ಉರಿಗಣ್ಣ ಬೆಂಕಿ ಹೊತ್ತಿಸಿ ನಗಾರಿ ಬಾರಿಸಿದ. ಹಗೆಗಳು ಸತ್ತು ವರ್ಷವಾಯಿತು. ಈ ಉರಿಗಣ್ಣ ಮಾತ್ರ ಬೆಂಕಿ ಆರಿಸಲೊಲ್ಲ, ನಗಾರಿ ನಿಲ್ಲಿಸಲೊಲ್ಲ. ಸೈನಿಕರನ್ನು ಹೆರಿ, ಇನ್ನೂ ಹೆರಿ ಎನ್ನುತ್ತಾನೆ. ನಮ್ಮಿಂದಾಗದು."

ಒಬ್ಬ ತಾಯಿಗೆ ಮಾತ್ರ ಆ ಉರಿ ತಾಕುತ್ತಿರಲಿಲ್ಲ. ಎಂದೋ ಅವಳ ಹಣೆಬರಹದ ಒಂದಕ್ಷರ ಅಳಿಸಿಹೋಗಿತ್ತು. ಉಳಿದವರು ಸೊರಗಿದಷ್ಟೂ ಅವಳು ಹೆರುತ್ತಲೇ ಇದ್ದಳು. ಆ ಮಕ್ಕಳು ಬೆಳೆಯುತ್ತಿರಲಿಲ್ಲ, ಕಾದುತ್ತಿರಲಿಲ್ಲ. ಮನೆಯ ತುಂಬ ಸುಮ್ಮನೆ ಕಿಕ್ಕಿರಿದಿದ್ದರು.

ಬಾಚಲೆ ನಗಾರಿಯ ಕೋಲು ಕಸಿದಳು. ಉರಿಗಣ್ಣ ಅಂಗೈಯಿಂದಲೇ ಬಾರಿಸಿದ. ಬೆಂಕಿಗೆ ಬೂದಿ ಸುರಿದಳು. ಅವನು ಊದಿ ಮತ್ತೆ ಹೊತ್ತಿಸಿದ. ಮೂರನೆಯ ಸಲ ಬಾಚಲೆ ನಗಾರಿಯನ್ನೇ ಅಪ್ಪಿ ಮಲಗಿಬಿಟ್ಟಳು. ಏಟೆಲ್ಲ ಅವಳ ಬೆನ್ನಿಗೆ ಬಿತ್ತು. ಅವಳು ಕದಲಲಿಲ್ಲ, ಸದ್ದು ಹೊರಡಲಿಲ್ಲ. ಮಾಯಾವಿಯ ಪ್ರಾಣವಿದ್ದದ್ದೇ ಆ ಸದ್ದಿನಲ್ಲಿ. ಹೊಡೆದು ಹೊಡೆದು ಸೋತು, ಅವನು ನಿಂತಲ್ಲೇ ಉದುರಿಹೋದ.

ಉರಿ ಆರಿತು. ಬಳಲಿದ ತಾಯಿಯರು ಒಬ್ಬೊಬ್ಬರಾಗಿ ಎದ್ದು ಕುಳಿತರು. ಉರಿಯಲ್ಲೇ ಕೊಬ್ಬಿದ್ದ ಆ ಒಬ್ಬಳು ಮಾತ್ರ ತಂಪಿಗೆ ನಡುಗತೊಡಗಿದಳು.

"ನಾನೂ ತಾಯಿಯೇ ಅಲ್ಲವೇನಕ್ಕಾ?"

"ಹೌದಮ್ಮ. ತಪ್ಪು ನಿನ್ನದಲ್ಲ," ಎಂದು ಬಾಚಲೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವಳು ಹಾಗೆಯೇ ಕಣ್ಣು ಮುಚ್ಚಿದಳು. ಅವಳ ಮಕ್ಕಳೂ ಮಂಜಿನಂತೆ ಕರಗಿದರು. ಬಾಚಲೆ ಬಹಳ ಹೊತ್ತು ಅತ್ತಳು.

ಅವಳು ಹೊರಬಂದು ಮೊದಲಿನ ಗಾತ್ರ ಪಡೆದಾಗ, ಚಂದಲೆ ಹಾಸಿಗೆಯಲ್ಲಿ ಎದ್ದು ಕುಳಿತು ಗಂಜಿ ಕೇಳುತ್ತಿದ್ದಳು. ಕೆನ್ನೆಯಲ್ಲಿ ಕೆಂಪು ಮೂಡಿತ್ತು. ಮುಂದೆ ಅವಳೇ ರಾಣಿಯಾಗಿ ನೂರು ವರ್ಷ ಆಳಿದಳು. ಪ್ರಜೆಗಳು ನೆಮ್ಮದಿಯಿಂದಿದ್ದರು. ಬಾಚಲೆಯ ಬೆನ್ನಿಗೆ ದಿನವೂ ಎಣ್ಣೆ ಹಚ್ಚುವ ಕೆಲಸವನ್ನು ಮಾತ್ರ ರಾಣಿ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.